ಲಿನಕ್ಸ್‌ಗೆ ಬದಲಾದ ಲ್ಯಾಪ್‌ಟಾಪ್, ತೆರೆದರೂ ಓದಲಾಗದ ಕಡತ: ಒಂದು ಅಭ್ಯಾಸ ಪಾಠದ ಹಿನ್ನೆಲೆ

ಶಾಲಾ ಇಂಟರ್ನ್‌ಶಿಪ್‌ಗಾಗಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಪ್ರೌಢಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಬಳಿ ಇರುವುದು ಹೆಚ್ಚಾಗಿ ಹಳೆಯ ಲ್ಯಾಪ್‌ಟಾಪ್‌ಗಳು. ಅಣ್ಣನೋ ಅಕ್ಕನೋ ಡಿಪ್ಲೊಮಾ ಓದುವಾಗ ಕೊಂಡದ್ದು ಮನೆಯಲ್ಲಿ ಕೈ ಬದಲಾಯಿಸಿ ಇವರಿಗೆ ಬಂದಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಆಗಿರಬೇಕು. ಯಂತ್ರ ಕೆಟ್ಟಿಲ್ಲ, ಕೀಲಿಮಣೆ ಗಟ್ಟಿಯಾಗಿದೆ, ಆದರೂ ಅದು ಹಳತಾಯಿತು ಎಂದು ಬೇರೆ ಯಾರೋ ತೀರ್ಮಾನಿಸಿದಂತಾಗಿದೆ. ಶೇಂಗಾ ಬೆಳೆ ಕೈಕೊಟ್ಟ ವರ್ಷ ಹೊಸ ಲ್ಯಾಪ್‌ಟಾಪ್ ಕೊಡಿಸಿ ಎಂದು ಮನೆಯಲ್ಲಿ ಕೇಳುವುದು ಸುಲಭವಲ್ಲ.

ಸಮಾಜ ವಿಜ್ಞಾನ ಮತ್ತು ಕನ್ನಡ ಬೋಧನಾ ವಿಷಯಗಳ ಒಬ್ಬ ಪ್ರಶಿಕ್ಷಣಾರ್ಥಿ ಇಂಥದೇ ಒಂದು ಯಂತ್ರವನ್ನು, 4 ಜಿಬಿ ರ‍್ಯಾಮ್ ಇರುವುದನ್ನು, ಲಿನಕ್ಸ್‌ಗೆ ಬದಲಾಯಿಸಿಕೊಂಡರು. ಆ ಅನುಭವದಿಂದಲೇ ಅವರ ಒಂದು ಅಭ್ಯಾಸ ಪಾಠ ಹುಟ್ಟಿತು. ಬದಲಾವಣೆಯ ತಾಂತ್ರಿಕ ಭಾಗ ನಾವು ಹೆದರುವಷ್ಟು ಕಷ್ಟವಲ್ಲ. ಕನ್ನಡ ಶಿಕ್ಷಕರಿಗೆ ನಿಜವಾದ ತೊಡಕು ಇರುವುದು ಹಳೆಯ ಕನ್ನಡ ಕಡತಗಳಲ್ಲಿ. ಐಸಿಟಿ ಪತ್ರಿಕೆಯನ್ನು ಬೋಧಿಸುವ ನಾವು ಈ ಎರಡನೆಯದರ ಬಗ್ಗೆ ಮಾತನಾಡುವುದು ತೀರ ಕಡಿಮೆ.

ಮೊದಲು ಪರೀಕ್ಷೆ, ನಂತರ ಸ್ಥಾಪನೆ

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನೆಲ್. ಅದರ ಮೇಲೆ ಬೇರೆ ಬೇರೆ ತಂಡಗಳು ಕಟ್ಟಿದ ಪೂರ್ಣ ವ್ಯವಸ್ಥೆಗಳು ಹಲವಾರಿವೆ. 2004ರಲ್ಲಿ ಬಂದ ಉಬುಂಟು ಅವುಗಳಲ್ಲಿ ಒಂದು. ಉಬುಂಟುವನ್ನು ಆಧರಿಸಿದ ಲಿನಕ್ಸ್ ಮಿಂಟ್ ಇನ್ನೊಂದು. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಸಾಕು. ಹಳೆಯ ಯಂತ್ರವೆಂದು ಅವರು ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಂಡರು.

ಹೊಸಬರಿಗೆ ಇಲ್ಲಿರುವ ದೊಡ್ಡ ಅನುಕೂಲವೆಂದರೆ ಸ್ಥಾಪಿಸದೆಯೇ ನಡೆಸಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್‌ಗೆ ಅದನ್ನು ಬರೆದು, ಯಂತ್ರ ಶುರುವಾಗುವಾಗ ಪೆನ್‌ಡ್ರೈವ್‌ನಿಂದಲೇ ಎಬ್ಬಿಸಿದರೆ ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ವ್ಯವಸ್ಥೆ ಕೆಲಸ ಮಾಡುತ್ತದೆ. ಇದಕ್ಕೆ ಒತ್ತಬೇಕಾದ ಕೀಲಿ ಒಂದೊಂದು ಕಂಪನಿಯ ಯಂತ್ರದಲ್ಲಿ ಒಂದೊಂದು. ಅವರು ಹೀಗೆಯೇ ಒಂದು ವಾರ ನಡೆಸಿದರು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಶಾಲೆಯ ಪ್ರೊಜೆಕ್ಟರ್‌ಗೆ ಚಿತ್ರ ಹೋಗುತ್ತದೆಯೇ ಎಂದು ಒಂದೊಂದಾಗಿ ನೋಡಿದರು. ವೈಫೈ ಮಾತ್ರ ಹಿಡಿಯಲಿಲ್ಲ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ ಹಂಚಿಕೊಂಡಾಗ, ಬೇಕಾದ ಡ್ರೈವರ್ ಯಾವುದೆಂದು ಮಿಂಟ್ ತಾನೇ ತೋರಿಸಿತು. ಪ್ರಯೋಗಾಲಯದಲ್ಲಿ ಉಪಕರಣವನ್ನು ಪರೀಕ್ಷಿಸಿಕೊಂಡ ಮೇಲೆ ತರಗತಿಗೆ ಒಯ್ಯುವುದು ವಿಜ್ಞಾನ ಶಿಕ್ಷಕರ ಅಭ್ಯಾಸ. ಗಣಕದ ವಿಷಯದಲ್ಲೂ ಅದನ್ನೇ ಮಾಡಬಹುದೆಂದು ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದಿಲ್ಲ.

ಸ್ಥಾಪಿಸುವಾಗ ಬರುವ ಒಂದು ಪ್ರಶ್ನೆಯ ಮುಂದೆ ಮಾತ್ರ ನಿಂತು ಓದಬೇಕು: ವಿಂಡೋಸ್‌ನ ಪಕ್ಕದಲ್ಲಿ ಹಾಕಬೇಕೇ, ಡಿಸ್ಕ್ ಪೂರ್ತಿ ಅಳಿಸಬೇಕೇ? ಎರಡನೆಯದನ್ನು ಒತ್ತಿದರೆ ಹಿಂದಿನದು ಏನೂ ಉಳಿಯದು. ಬೇಕಾದ ಕಡತಗಳ ಪ್ರತಿಯನ್ನು ಮೊದಲೇ ಬೇರೆಡೆ ಇಟ್ಟುಕೊಂಡು ಅವರು ಪಕ್ಕದಲ್ಲಿ ಹಾಕುವುದನ್ನು ಆರಿಸಿದರು. ಅದು ಒಳ್ಳೆಯ ನಿರ್ಧಾರ. ಕಾರಣ ಮುಂದೆ ಬರುತ್ತದೆ.

ಆಮೇಲಿನ ಹೊಂದಾಣಿಕೆಗಳು ಸಣ್ಣವು. ಸಿ ಡ್ರೈವ್, ಡಿ ಡ್ರೈವ್ ಇಲ್ಲ. ನಮ್ಮ ಕಡತಗಳೆಲ್ಲ ‘ಹೋಮ್’ ಎಂಬ ಕಡತಕೋಶದಲ್ಲಿ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೆ ಕಡತವೂ ಬೇರೆ. ವರ್ಡ್, ಪವರ್‌ಪಾಯಿಂಟ್ ಕಡತಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ, ಕೋಷ್ಟಕಗಳು ಸ್ವಲ್ಪ ಅತ್ತಿತ್ತ ಸರಿಯುತ್ತವೆ. ಮೇಲ್ವಿಚಾರಕರಿಗೆ ಸಲ್ಲಿಸುವ ಪಾಠಯೋಜನೆಯನ್ನು ಪಿಡಿಎಫ್ ಮಾಡಿದರೆ ಆ ತೊಂದರೆಯೂ ಇಲ್ಲ. ಜಿಯೋಜೀಬ್ರಾ, ಸ್ಟೆಲ್ಲೇರಿಯಂ, ಮೂಲವಸ್ತುಗಳ ಕೋಷ್ಟಕದ ಕಾಲ್ಜಿಯಂ, ಚಿಕ್ಕ ಮಕ್ಕಳ ಜಿಕಾಂಪ್ರಿ ಇವೆಲ್ಲ ಒಂದೇ ಪಟ್ಟಿಯಿಂದ ಉಚಿತವಾಗಿ ಇಳಿಯುತ್ತವೆ.

ಅಕ್ಷರಗಳ ಸಮಸ್ಯೆ

ಶಾಲೆಯ ಮಾರ್ಗದರ್ಶಿ ಶಿಕ್ಷಕರು ಹತ್ತು ವರ್ಷದ ಪ್ರಶ್ನಕೋಠಿ ಮತ್ತು ಟಿಪ್ಪಣಿಗಳನ್ನು ಪೆನ್‌ಡ್ರೈವ್‌ನಲ್ಲಿ ಪ್ರೀತಿಯಿಂದ ಕೊಟ್ಟರು. ಹೊಸ ವ್ಯವಸ್ಥೆಯಲ್ಲಿ ತೆರೆದರೆ ಕನ್ನಡವೇ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು.

‘ಸಾರ್, ಎಲ್ಲಾ ಹಾಳಾಗಿದೆ ಅನ್ಸುತ್ತೆ.’

‘ಹಾಳಾಗಿಲ್ಲಮ್ಮ, ನುಡಿ ಹಾಕ್ಕೊಳ್ಳಿ, ಬರುತ್ತೆ.’

ಇಬ್ಬರ ಮಾತಿಗೂ ಅವರವರ ಕಾರಣವಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ನಮ್ಮ ಕಚೇರಿ, ಶಾಲೆಗಳಲ್ಲಿ ಕನ್ನಡವನ್ನು ಗಣಕಕ್ಕೆ ತಂದಿತು, ಆ ಋಣ ದೊಡ್ಡದು. ಆದರೆ ಅದರ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತವಿರಲಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ‘ಕನ್ನಡ’ ಎಂಬ ಪದ ಅಲ್ಲಿ ಏಳು ಸಂಕೇತಗಳು: ಇಂಗ್ಲಿಷ್ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್, ಸಣ್ಣ ಕ್ಯೂ, ಮತ್ತೊಮ್ಮೆ ಎ. ಆ ಓರೆಗೆರೆಯ ಎ ನಮ್ಮ ತಲೆಕಟ್ಟು. ಎಸ್ಸೆಟ್ ನಮ್ಮ ನ ಒತ್ತು. ನುಡಿ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಒಳಗಿನ ಸಂಕೇತಗಳೇ ಹೊರಗೆ ಬೀಳುತ್ತವೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವಿದೆ. ಅಲ್ಲಿ ‘ಕನ್ನಡ’ ಐದೇ ಸಂಕೇತ: ಕ, ನ, ಹಲಂತ, ನ, ಡ. ಒತ್ತನ್ನು ಚಿತ್ರವಾಗಿ ಬರೆಯುವುದು ಫಾಂಟ್‌ನ ಕೆಲಸ. ಮಿಂಟ್, ಉಬುಂಟುಗಳಲ್ಲಿ ಗುಬ್ಬಿ, ನವಿಲು, ನೋಟೊ ಮುಂತಾದ ಕನ್ನಡ ಯೂನಿಕೋಡ್ ಫಾಂಟ್‌ಗಳನ್ನು ಉಚಿತವಾಗಿ ಬಳಸಬಹುದು.

ನುಡಿಯ ಫಾಂಟ್ ಕಡತವನ್ನಷ್ಟೇ ಲಿನಕ್ಸ್‌ಗೆ ನಕಲಿಸಿದರೆ ಹಳೆಯ ಟಿಪ್ಪಣಿ ಕಣ್ಣಿಗೆ ಕಾಣುತ್ತದೆ, ಮುದ್ರಣವೂ ಆಗುತ್ತದೆ. ಆದರೆ ಅದರಲ್ಲಿ ಒಂದು ಪದ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಮಕ್ಕಳ ಮೊಬೈಲಿಗೆ ಕಳಿಸಿದರೆ ಅವರಿಗೆ ಓದಲಾಗದು. ಆದ್ದರಿಂದ ಪರಿವರ್ತಕ ಬಳಸಿ ಯೂನಿಕೋಡ್‌ಗೆ ತರಬೇಕು. ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ನೋಡಬೇಕಾದ ಜಾಗಗಳು ಎರಡು. ಒಂದು, ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ಹಳೆಯ ಸಂಕೇತ ಯ ಆದ ಮೇಲೆ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು. ಪರಿವರ್ತಕ ಈ ಕ್ರಮವನ್ನು ತಿರುಗಿಸಬೇಕು, ಕೆಲವೊಮ್ಮೆ ಎಡವುತ್ತದೆ. ಇನ್ನೊಂದು, ನಡುವೆ ಬರುವ ಇಂಗ್ಲಿಷ್ ಪದಗಳು ಮತ್ತು ಗಣಿತದ ಸೂತ್ರಗಳು. ನಿಜವಾದ ಇಂಗ್ಲಿಷ್ ಪಿ ಯಾವುದು, ಕನ್ನಡದ ಕ ಆಗಿರುವ ಪಿ ಯಾವುದು ಎಂದು ಬರಿಯ ಪಠ್ಯ ನೋಡಿ ಅದಕ್ಕೆ ತಿಳಿಯದು. ಸಮಾಜ ವಿಜ್ಞಾನದ ಟಿಪ್ಪಣಿಗಳು ಒಂದು ಸಂಜೆಗೆ ಸರಿಯಾದವು, ಗಣಿತದವು ಮೂರು ದಿನ ಹಿಡಿದವು. ಪಟ್ಟಣದ ಡಿಟಿಪಿ ಅಂಗಡಿಯವರು ಇನ್ನೂ ನುಡಿ ಕಡತವನ್ನೇ ಕೇಳುತ್ತಾರಾದ್ದರಿಂದ ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು.

ಟೈಪ್ ಮಾಡುವ ಬೆರಳುಗಳಿಗೆ ಮಾತ್ರ ಹೊಸ ಕಲಿಕೆ ಬೇಕಾಗಲಿಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಇದೆ. ಅಮ್ಮ ಬರೆಯಲು ಎ, ಎಂ, ಎಫ್, ಎಂ ಕೀಲಿಗಳು, ಹಿಂದಿನಂತೆಯೇ. ಆದರೆ ಹೊಸದಾಗಿ ಕಲಿಯುವ ಮಕ್ಕಳಿಗೆ ನಾನು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನೇ ಹೇಳುತ್ತೇನೆ. ಅದರಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಧ್ವನಿಗೆ ಒಂದೇ ಕೀಲಿ. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಮೊಳಕಾಲ್ಮೂರಿನಲ್ಲಿ ಎಷ್ಟೋ ಮಂದಿ. ಕನ್ನಡದಲ್ಲಿ ಒಮ್ಮೆ ಬೆರಳು ಕೂತರೆ ಅವರು ಅಜ್ಜಿಗೆ ತೆಲುಗಿನಲ್ಲೂ ಬರೆಯಬಹುದು.

ಪಾಠ

8ನೇ ತರಗತಿ, ಮೌರ್ಯರು, 40 ನಿಮಿಷ. ಕಲಿಕಾಂಶ: ಇತಿಹಾಸದ ಆಧಾರವಾಗಿ ಶಾಸನ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಅಶೋಕನ ಶಾಸನಗಳು ಇರುವುದು ಮೊಳಕಾಲ್ಮೂರು ತಾಲ್ಲೂಕಿನಲ್ಲೇ, ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಬಂಡೆಯನ್ನು ಕಂಡ ಮಕ್ಕಳು ತರಗತಿಯಲ್ಲಿದ್ದರು.

ತೊಡಗಿಸಿಕೊಳ್ಳುವ ಹಂತದಲ್ಲಿ ಅವರು ಅಶೋಕನ ಹೆಸರೆತ್ತಲೇ ಇಲ್ಲ. ಪ್ರೊಜೆಕ್ಟರ್‌ನಲ್ಲಿ ಆ ನುಡಿ ಕಡತವನ್ನು ತೆರೆದರು. ‘ಮಿಸ್, ವೈರಸ್ ಹೊಡೆದೈತೆ’ ಎಂದ ಹಿಂದಿನ ಸಾಲಿನ ಹುಡುಗ. ಹೌದೋ ಅಲ್ಲವೋ ನೋಡೋಣ ಎಂದು ಗುಂಪುಗಳಿಗೆ ಏಳು ಕಾರ್ಡುಗಳನ್ನೂ ಯಾವ ಚಿಹ್ನೆಗೆ ಯಾವ ತುಂಡು ಎಂಬ ಸಣ್ಣ ಪಟ್ಟಿಯನ್ನೂ ಕೊಟ್ಟರು. ನಾಲ್ಕು ನಿಮಿಷದಲ್ಲಿ ಮೂರು ಗುಂಪು ‘ಕನ್ನಡ’ ಎಂದು ಜೋಡಿಸಿದವು. ಪಟ್ಟಿ ಕೊಡದೆ ಇಟ್ಟಿದ್ದ ನಾಲ್ಕನೆಯ ಗುಂಪು ಮಾತ್ರ ಕಾರ್ಡು ತಿರುಗಿಸುತ್ತ ಕೂತಿತ್ತು. ‘ನಿಮ್ಮ ಕಾರ್ಡು ಹಾಳಾಗಿದೆಯಾ?’ ಎಂದು ಕೇಳಿದಾಗ ಒಬ್ಬ ಹುಡುಗಿ, ‘ಇಲ್ಲ ಮಿಸ್, ನಮಗೆ ಪಟ್ಟಿ ಕೊಟ್ಟಿಲ್ಲ’ ಎಂದಳು. ಅಲ್ಲಿಂದ ಬ್ರಾಹ್ಮಿಗೆ ಒಂದೇ ಹೆಜ್ಜೆ. ಬಂಡೆಯ ಅಕ್ಷರ ಸವೆದಿರಲಿಲ್ಲ, ಓದುವ ಪಟ್ಟಿ ಕಳೆದುಹೋಗಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಆ ಪಟ್ಟಿಯನ್ನು ಮತ್ತೆ ಕಟ್ಟಿದ. ಆದ್ದರಿಂದಲೇ ರೈಸ್ ಇಲ್ಲಿಗೆ ಬಂದಾಗ ಶಾಸನವನ್ನು ಓದುವುದು ಸಾಧ್ಯವಾಯಿತು.

ವಿಸ್ತರಣೆಯಲ್ಲಿ ಬ್ರಹ್ಮಗಿರಿಯ ಲಿಪಿಕಾರ ಚಪಡ ಬಂದ. ಪ್ರಾಕೃತ ಭಾಷೆಯನ್ನು ಬ್ರಾಹ್ಮಿಯಲ್ಲಿ ಬರೆದ ಆತ ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಭಾರತದ ಲಿಪಿ. ಕನ್ನಡ ಕಡತದ ನಡುವೆ ಇಂಗ್ಲಿಷ್ ಪದ ಬಂದಂತೆ ಒಂದೇ ಬಂಡೆಯಲ್ಲಿ ಎರಡು ಪಟ್ಟಿ ಬೇಕು. ಇದು ಮಕ್ಕಳಿಂದಲೇ ಪ್ರಶ್ನೆಯಾಗಿ ಬರಬಹುದಾಗಿತ್ತು: ಅಲ್ಲಿಯ ಲಿಪಿ ಇಲ್ಲಿಗೆ ಹೇಗೆ ಬಂತು? ಪ್ರಶಿಕ್ಷಣಾರ್ಥಿ ತಾವೇ ಹೇಳಿ ಮುಗಿಸಿದರು, ಮೌಲ್ಯಮಾಪನಕ್ಕೆ ಉಳಿದದ್ದು ಮೂರು ನಿಮಿಷ. ಕಾರ್ಡಿನ ಚಟುವಟಿಕೆಗೆ ಇನ್ನಷ್ಟು ಸಮಯ ಕೊಟ್ಟು ಚಪಡನನ್ನು ಮರುದಿನದ ಅವಧಿಗೆ ಇಟ್ಟುಕೊಳ್ಳಬಹುದಿತ್ತು ಎಂದು ಅವಲೋಕನ ನಮೂನೆಯಲ್ಲಿ ಬರೆದಿದ್ದೇನೆ.

ಕಾಲೇಜಿನಲ್ಲಿ ಮಾಡಬೇಕಾದದ್ದು

ಲಿನಕ್ಸ್ ಶಾಲೆಗಳಿಗೆ ಹೊಸದೇನಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ಐಸಿಟಿ ಕಲಿಸುತ್ತಿವೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮಲ್ಲೂ 2011ರಿಂದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಬಳಸಿದರು. ತರಬೇತಿಯಲ್ಲಿ ಕಲಿತ ಶಿಕ್ಷಕರು ಶಾಲೆಗೆ ಮರಳಿದಾಗ ತಮ್ಮದೇ ಹಳೆಯ ಕಡತಗಳ ಮುಂದೆ ಕೂರುತ್ತಾರೆ. ಆ ಘಳಿಗೆಗೆ ಅವರನ್ನು ತಯಾರು ಮಾಡದಿದ್ದರೆ ಹಿಂದಿನ ವ್ಯವಸ್ಥೆಗೇ ಹೋಗುತ್ತಾರೆ. ಅದನ್ನು ಅವರ ಸೋಮಾರಿತನ ಎನ್ನಲಾರೆ.

ಆದುದರಿಂದ ಐಸಿಟಿ ಪ್ರಾಯೋಗಿಕ ದಾಖಲೆಯಲ್ಲಿ ಸ್ಲೈಡ್ ತಯಾರಿಕೆಗೆ ಕೊಡುವ ಎರಡು ಅವಧಿಗಳಲ್ಲಿ ಒಂದನ್ನು ಪರಿವರ್ತನೆಗೆ ಕೊಡಬೇಕೆಂದು ನನ್ನ ಸಲಹೆ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ತಾನು ಹೋಗುವ ಶಾಲೆಯಿಂದ ಹತ್ತು ಪುಟದ ಹಳೆಯ ನುಡಿ ಕಡತವೊಂದನ್ನು ಕೇಳಿ ತಂದು, ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು ಮತ್ತು ಇಂಗ್ಲಿಷ್ ಪದಗಳನ್ನು ತಿದ್ದಿ, ಆ ಶಾಲೆಗೇ ಹಿಂದಿರುಗಿಸಲಿ. ಮೊಳಕಾಲ್ಮೂರಿನ ಆ ಮಾರ್ಗದರ್ಶಿ ಶಿಕ್ಷಕರು ತಮ್ಮ ಪ್ರಶ್ನಕೋಠಿಯನ್ನು ಈಗ ಮೊಬೈಲಿನಲ್ಲೇ ತೆರೆದು, ‘ಅಶೋಕ’ ಎಂದು ಹುಡುಕಿ, ಸಿಕ್ಕ ಪ್ರಶ್ನೆಗಳನ್ನು ಕಿರುಪರೀಕ್ಷೆಗೆ ಆರಿಸಿಕೊಳ್ಳುತ್ತಿದ್ದಾರೆ. ಗಣಿತದ ಭಾಗದಲ್ಲಿ ಇನ್ನೂ ಹನ್ನೊಂದು ಪುಟ ತಿದ್ದುವುದು ಬಾಕಿ ಇದೆ.