ಶೂಟೌಟ್ ಗೋಲು ಯಾರ ಲೆಕ್ಕಕ್ಕೆ? ಎಂಟನೇ ತರಗತಿಯ ಒಂದು ದತ್ತಾಂಶ ಪಾಠ

ಎಂಟನೇ ತರಗತಿಯ ದತ್ತಾಂಶ ನಿರ್ವಹಣೆಗೆ ಬೋಧನಾಭ್ಯಾಸದಲ್ಲಿ ನನಗೆ ಎರಡು ಅವಧಿ ಸಿಕ್ಕಿದ್ದವು. ಪಠ್ಯದ ಕೋಷ್ಟಕಗಳಲ್ಲಿ ಅಂಕಿಗಳು ಸಿದ್ಧವಾಗಿಯೇ ಬರುತ್ತವೆ. ಮಕ್ಕಳು ಕೂಡಿ, ಭಾಗಿಸಿ, ಸರಾಸರಿ ಬರೆದು ಮುಗಿಸುತ್ತಾರೆ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಮಕ್ಕಳಿಂದಲೇ ಬರಲಿ ಎಂದು 2022ರ ಫುಟ್‌ಬಾಲ್ ವಿಶ್ವಕಪ್ಪನ್ನು ಆರಿಸಿಕೊಂಡೆ.

ಅರ್ಜೆಂಟೀನಾ–ಫ್ರಾನ್ಸ್ ಫೈನಲ್ ಹೆಚ್ಚುವರಿ ಸಮಯದ ಬಳಿಕ 3–3. ಶೂಟೌಟ್‌ನಲ್ಲಿ ಅರ್ಜೆಂಟೀನಾಕ್ಕೆ 4–2. ಪಂದ್ಯದಲ್ಲಿ ಒಟ್ಟು ಎಷ್ಟು ಗೋಲು? ಅರ್ಧ ತರಗತಿ ಆರು ಎಂದಿತು, ಉಳಿದವರು ಹನ್ನೆರಡು. ಹಿಂದಿನ ಬೆಂಚಿನಿಂದ ಒಬ್ಬ, “ಏಳು–ಐದು, ಮಿಸ್!”

ನಿಯಮವನ್ನು ಮೊದಲೇ ಹೇಳಲಿಲ್ಲ. ಆಟದ ನಡುವಿನ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರೂ ಚೆಂಡು ಆಟದಲ್ಲೇ ಇರುತ್ತದೆ, ಓಡಿಬಂದು ಮತ್ತೆ ಒದೆಯಬಹುದು. ಶೂಟೌಟ್‌ನಲ್ಲಿ ತಡೆದರೆ ಅಲ್ಲಿಗೇ ಮುಗಿಯಿತು. ಇದನ್ನು ಇಬ್ಬರಿಂದ ಅಭಿನಯಿಸಿ ತೋರಿಸಿದೆ. ಎರಡೂ ಒದೆತ ಒಂದೇ ಗುರುತಿನಿಂದ, ಆದರೆ ಮೊದಲನೆಯದು ಆಟದ ಭಾಗ, ಎರಡನೆಯದು ಆಟ ಮುಗಿದ ಮೇಲೆ ಕಪ್ ಯಾರಿಗೆಂದು ತೀರ್ಮಾನಿಸುವ ಕ್ರಮ. ದಾಖಲೆಯಲ್ಲಿ ಆ ಫೈನಲ್ ಸಮಬಲ, ಗೋಲುಗಳು ಆರೇ.

ಆಮೇಲೆ ಕಪ್ಪುಹಲಗೆಯ ಮೇಲೆ ಇಬ್ಬರು ಆಟಗಾರರು. ಅಧಿಕೃತವಾಗಿ ಎಂಬಾಪೆ 8, ಮೆಸ್ಸಿ 7. ಗೋಲ್ಡನ್ ಬೂಟ್ ಎಂಬಾಪೆಗೆ. ಶೂಟೌಟ್ ಸೇರಿಸಿದರೆ ಎಂಬಾಪೆಗೆ ಒಂದು, ಮೆಸ್ಸಿಗೆ ಎರಡು ಕೂಡಿ ಇಬ್ಬರೂ 9! ಆಟದ ನಡುವಿನ ಪೆನಾಲ್ಟಿಗಳನ್ನೂ ಕಳೆದರೆ 6 ಮತ್ತು 3. ಆಟ ಅದೇ, ಆಟಗಾರರು ಅವರೇ. ತರಗತಿ ಗದ್ದಲವಾಯಿತು, ಅವಧಿಯ ಹತ್ತು ನಿಮಿಷ ಅದಕ್ಕೇ ಹೋಯಿತು, ಹೋಗಲಿ ಎಂದು ಬಿಟ್ಟೆ.

ಸರಾಸರಿಗೆ ಬರುವಷ್ಟರಲ್ಲಿ ಕೆಲಸ ಸಲೀಸಾಗಿತ್ತು. 64 ಪಂದ್ಯ, 172 ಗೋಲು: 2.69. ಐದು ಶೂಟೌಟ್‌ಗಳ 26 ಸೇರಿಸಿದರೆ 198, ಸರಾಸರಿ 3.09.

ಎರಡನೇ ಅವಧಿಗೆ ಹಾಕಿ. 2024ರ ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ–ಬ್ರಿಟನ್ 1–1, ಶೂಟೌಟ್ 4–2. ಆ ಕೂಟದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಹೊಡೆದ 10 ಗೋಲುಗಳಲ್ಲಿ ಶೂಟೌಟ್‌ನದು ಸೇರಿಲ್ಲ. ಶಾಲೆಯ ಹಾಕಿ ತಂಡದ ಹುಡುಗಿಯೊಬ್ಬಳು ಒಪ್ಪಲಿಲ್ಲ: “23 ಮೀಟರ್ ಗೆರೆಯಿಂದ ಚೆಂಡು ತಂದು, ಎಂಟು ಸೆಕೆಂಡಿನಲ್ಲಿ ಕೀಪರನ್ನು ದಾಟಿಸಿ ಹೊಡೀಬೇಕು. ಅದು ಗೋಲಲ್ವಾ ಮಿಸ್?” ಕಷ್ಟದ ಮಟ್ಟ ನೋಡಿದರೆ ಅವಳ ಮಾತು ಸರಿ. ಆದರೆ ಅಲ್ಲಿ ಎದುರಾಳಿ ತಂಡದ ಉಳಿದ ಹತ್ತು ಮಂದಿ ಇಲ್ಲ ಎಂದೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಶೂಟೌಟ್ ಗೆದ್ದ ತಂಡಕ್ಕೆ ಒಂದೇ ಒಂದು ಗೋಲು ಸೇರುತ್ತದೆ, ಆಟಗಾರನ ಖಾತೆಗೆ ಏನೂ ಇಲ್ಲ ಎಂದೂ ಹೇಳಿದೆ. “ಹಾಗಾದ್ರೆ ಆ ಗೋಲು ಹೊಡೆದೋರು ಯಾರು?” ಎಂದಳು.

ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಗಂಟೆ ಹೊಡೆಯುವ ಮುಂಚೆ ತಮ್ಮ ಕೋಷ್ಟಕಕ್ಕೆ ತಲೆಬರಹ ಕೊಡಿ ಎಂದಾಗ, ಬಹಳ ಮಂದಿ ‘ಗೋಲುಗಳು’ ಎಂದು ಬರೆದು ಮುಂದೆ ‘ಶೂಟೌಟ್ ಬಿಟ್ಟು’ ಎಂದು ಸೇರಿಸಿದ್ದರು.