ನೀರಿನಡಿಯ ನಿಧಿಗೆ ಎಷ್ಟು ಪರವಾನಗಿ?

"ಸರ, ಕಿಲ್ಲಾದ ಕಂದಕದಾಗ ಬಂಗಾರ ಅದ ಅಂತಾರ, ಖರೇನಾ?"

ಬ್ರಹ್ಮಪುರದ ಹುಡುಗರನ್ನು ಕಲಬುರಗಿ ಕೋಟೆಗೆ ಕರೆದೊಯ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಊರಿದು, ನಿಧಿಯ ಕಥೆಗಳಿಗೆ ಬರವಿಲ್ಲ. ಹುಡುಗರಿಗೆ ಸರಿಯಾದ ಉತ್ತರ ಕೊಡಬೇಕೆಂದೇ ನಾನು ಕಾಯ್ದೆಗಳನ್ನು ಓದತೊಡಗಿದ್ದು.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯಂತೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹೂಳು ಕೆದಕುವ ಮಾತೇ ಇಲ್ಲ. ಹೊರಗೆ ಹೊಲದಲ್ಲಿ ಕೊಪ್ಪರಿಗೆ ಸಿಕ್ಕರೂ ಬಚ್ಚಿಡುವಂತಿಲ್ಲ. 1878ರ ಕೇಂದ್ರ ನಿಧಿ ಕಾಯ್ದೆ 10 ರೂಪಾಯಿ ಮೀರಿದ ನಿಧಿಯನ್ನೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ.

ಕಾಯ್ದೆಯ ಹಿಂದಿನ ಕಾರಣ ಹುಡುಗರಿಗೆ ಅರ್ಥವಾದದ್ದು ಕೃಷ್ಣೆಯಿಂದ. 2024ರ ಫೆಬ್ರವರಿಯಲ್ಲಿ ರಾಯಚೂರಿನ ದೇವಸೂಗೂರು ಬಳಿ ಸೇತುವೆ ಕೆಲಸ ನಡೆದಾಗ ಹೊಳೆಯಿಂದ ವಿಷ್ಣುವಿನ ಮೂರ್ತಿ, ಶಿವಲಿಂಗ ಮೇಲೆ ಬಂದವು. ವಿಷ್ಣುವಿನ ಸುತ್ತ ಪ್ರಭಾವಳಿಯಲ್ಲಿ ದಶಾವತಾರದ ಕೆತ್ತನೆ. ಇಂಥ ಮೂರ್ತಿ ಎಷ್ಟು ಆಳದಲ್ಲಿತ್ತು, ಕವುಚಿ ಬಿದ್ದಿತ್ತೋ ಅಂಗಾತವೋ, ಪಕ್ಕದಲ್ಲಿ ಗುಡಿಯ ಕಲ್ಲುಗಳಿದ್ದವೋ ಇಲ್ಲವೋ ಎಂಬುದೆಲ್ಲ ಸಾಕ್ಷಿ. ದಡದ ಗುಡಿ ಕುಸಿಯಿತೋ, ಯಾರಾದರೂ ತಂದು ಮುಳುಗಿಸಿದರೋ ಎಂದು ಹೇಳುವುದು ಅದೇ. ಅಳತೆ, ಫೋಟೊ ಇಲ್ಲದೆ ಎತ್ತಿದರೆ ಆ ಸಾಕ್ಷಿಯೂ ಹೊಳೆ ಪಾಲು.

ಹೊಳೆಗೂ ತನ್ನದೇ ಲೆಕ್ಕವಿದೆ. ಯಂತ್ರ ಇಳಿಸಿ ತಳ ಕಲಕಿದರೆ ಎದ್ದ ರಾಡಿ ಮೀನಿನ ಮೊಟ್ಟೆಗಳ ಮೇಲೆ ಕೂರುತ್ತದೆ. ಆದ್ದರಿಂದಲೇ ನದಿಪಾತ್ರದ ಮರಳು ಗಣಿಗಾರಿಕೆಗೆ ಗಣಿ ಇಲಾಖೆಯ ಗುತ್ತಿಗೆಯ ಜೊತೆ ಪರಿಸರ ಅನುಮತಿಯನ್ನೂ ಕೇಳುತ್ತಾರೆ. ನಿಧಿ ಹುಡುಕುವ ನೆಪದಲ್ಲಿ ಭೀಮೆಯ ಮರಳು ಬಗೆದವನಿಗೂ ರಿಯಾಯಿತಿಯಿಲ್ಲ.

ಕಡಲಲ್ಲಂತೂ ಪರಿಸರವೇ ಮೊದಲು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಹಡಗು ಮುಳುಗಿತು. ಒಳಗೆ ಸುಮಾರು 8,000 ಟನ್ ಉಕ್ಕಿನ ಸುರುಳಿಗಳು. 15 ಸಿಬ್ಬಂದಿಯನ್ನು ಪಾರುಮಾಡಿದ ಕೋಸ್ಟ್ ಗಾರ್ಡ್‌ಗೆ ಆಮೇಲಿನ ಚಿಂತೆ ಉಕ್ಕಿನದಲ್ಲ, ಟ್ಯಾಂಕಿನಲ್ಲಿದ್ದ ತೈಲದ್ದು.

ಈಗ ಹುಡುಗರಿಗೆ ನಾನು ಹೇಳುವುದಿಷ್ಟು: ಹೊಳೆ, ಕೆರೆಯಲ್ಲಿ ಕೆತ್ತನೆಯ ಕಲ್ಲು ಕಂಡರೆ ಕದಲಿಸಬೇಡಿ, ತಿಕ್ಕಿ ತೊಳೆಯಬೇಡಿ. ಪಕ್ಕದಲ್ಲೊಂದು ಕೋಲಿಟ್ಟು, ಅಳತೆ ತಿಳಿಯುವಂತೆ ಫೋಟೊ ತೆಗೆಯಿರಿ. ಆಮೇಲೆ ತಹಶೀಲ್ದಾರರಿಗೋ ಪೊಲೀಸ್ ಠಾಣೆಗೋ ಅವತ್ತೇ ತಿಳಿಸಿ.