ಜಾಲತಾಣ ನಿಂತರೆ ಏನು ಮಾಡತಕ್ಕದ್ದು?

ನಮ್ಮ ಬೆಳೆಗಾರ ಬಾಂಧವರಲ್ಲಿ ಹಲವರು ಈಗ ಮನೆಯಲ್ಲೇ ಹುರಿದ ಕಾಫಿಪುಡಿ, ಹೋಂಸ್ಟೇ, ಅಡಿಕೆ ಸಸಿ ಇವುಗಳಿಗಾಗಿ ಸ್ವಂತ ಜಾಲತಾಣ ಮಾಡಿಸಿಕೊಂಡಿದ್ದಾರೆ. ಸಂಘಕ್ಕೂ ಒಂದಿದೆ, ಧಾರಣೆಯನ್ನು ಅದರಲ್ಲಿ ನೋಡಿಯೇ ಅಡಿಕೆ ತರುವ ಸದಸ್ಯರು ಕಡಿಮೆಯೇನಲ್ಲ. ಸುಗ್ಗಿಯ ಕಾಲದಲ್ಲೇ ಅದು ತೆರೆಯದೆ ಹೋದರೆ ನಷ್ಟ ಯಾರಿಗೆಂಬುದನ್ನು ಹೇಳಬೇಕಾಗಿಲ್ಲ.

ಜಾಲತಾಣವೆಂಬುದು ಒಂದೇ ವಸ್ತುವಲ್ಲ. ಅದರ ಹೆಸರು, ಅಂದರೆ ಡೊಮೇನ್, ಬೇರೆ. ಕಡತಗಳನ್ನಿರಿಸುವ ಜಾಗ, ಅಂದರೆ ಹೋಸ್ಟಿಂಗ್, ಬೇರೆ. ಮೊದಲನೆಯದು ಪಹಣಿಯಿದ್ದಂತೆ, ಎರಡನೆಯದು ಬಾಡಿಗೆ ಗೋದಾಮಿದ್ದಂತೆ. ಗೋದಾಮು ಸೋರಿದರೆ ಮಾಲನ್ನು ಇನ್ನೊಂದಕ್ಕೆ ಸಾಗಿಸಬಹುದು. ಪಹಣಿಯೇ ಬೇರೆಯವರ ಹೆಸರಿನಲ್ಲಿದ್ದರೆ? ತಾಣ ಮಾಡಿಕೊಟ್ಟ ಹುಡುಗ ತನ್ನ ಇಮೇಲಿನಲ್ಲೇ ಡೊಮೇನ್ ನೋಂದಾಯಿಸಿ, ಆಮೇಲೆ ಬೆಂಗಳೂರಿಗೋ ದುಬೈಗೋ ಹೋಗಿ ಫೋನಿಗೂ ಸಿಗದಿರುವುದುಂಟು. ಆದುದರಿಂದ ಡೊಮೇನನ್ನು ನಿಮ್ಮ ಹೆಸರಿನಲ್ಲೇ, ಸಾಧ್ಯವಾದರೆ ಹೋಸ್ಟಿಂಗ್ ಕೊಟ್ಟವರಲ್ಲದ ಬೇರೊಂದು ಕಂಪನಿಯಲ್ಲಿ ಇಡಿ.

ಹೋಸ್ಟಿಂಗ್ ಎಷ್ಟರಮಟ್ಟಿಗೆ ಕೈಕೊಡಬಲ್ಲುದೆಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಪ್ರಸಂಗವನ್ನು ನೋಡಬೇಕು. 2021ರ ಮಾರ್ಚ್ 10ರಂದು, ನಡುರಾತ್ರಿ ಕಳೆದ ಮೇಲೆ, ಓವಿಎಚ್ ಕಂಪನಿಯ ಸರ್ವರುಗಳಿದ್ದ ಐದು ಅಂತಸ್ತಿನ ಕಟ್ಟಡ ಬೆಂಕಿಗೆ ತುತ್ತಾಯಿತು; ಪಕ್ಕದ ಕಟ್ಟಡದ ಒಂದು ಭಾಗವೂ ಸುಟ್ಟಿತು. ಜೀವಹಾನಿಯಾಗಲಿಲ್ಲ. ಆದರೆ ಸುಮಾರು 36 ಲಕ್ಷ ಜಾಲತಾಣಗಳು ನಿಂತುವೆಂದು ನೆಟ್‌ಕ್ರಾಫ್ಟ್ ಸಂಸ್ಥೆ ಲೆಕ್ಕ ಹಾಕಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರು ಮತ್ತೆ ಎದ್ದರು. ಬ್ಯಾಕಪ್ಪಿಗೆಂದೇ ಹಣ ಕಟ್ಟಿದ್ದ ಗ್ರಾಹಕರೊಬ್ಬರ ಪ್ರತಿಯಾದರೋ ಅದೇ ಕಟ್ಟಡದಲ್ಲಿತ್ತು! ಅವರಿಗೆ ಪರಿಹಾರ ಕೊಡಬೇಕೆಂದು 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ತೀರ್ಪಿತ್ತಿತು. ತೀರ್ಪಿನಿಂದ ಸುಟ್ಟ ಕಡತ ಮರಳುವುದಿಲ್ಲ.

ಪ್ರತಿಯೆಂದರೆ ಚಿತ್ರ, ಪುಟಗಳ ಕಡತ ಮಾತ್ರವಲ್ಲ, ಡೇಟಾಬೇಸ್ ಸಹ. ವರ್ಡ್‌ಪ್ರೆಸ್ಸಿನಲ್ಲಿ ಬರಹ, ಆರ್ಡರುಗಳಿರುವುದು ಡೇಟಾಬೇಸಿನಲ್ಲೇ. ಆರ್ಡರ್ ಬರುವ ತಾಣವಾದರೆ ದಿನವೂ, ಇಲ್ಲವಾದರೆ ವಾರಕ್ಕೊಮ್ಮೆ ಎರಡನ್ನೂ ಇಳಿಸಿಕೊಂಡು, ಒಂದನ್ನು ಬೇರೆ ಕಂಪನಿಯಲ್ಲಿ, ಇನ್ನೊಂದನ್ನು ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇಡತಕ್ಕದ್ದು. ನಮ್ಮ ಮಲೆನಾಡಿನ ಸಿಡಿಲಿಗೆ ಹೆದರಿ ಆ ಡಿಸ್ಕನ್ನು ಕೆಲಸ ಮುಗಿದೊಡನೆ ಕಿತ್ತಿಡುವುದು ಲೇಸು. ಆರು ತಿಂಗಳಿಗೊಮ್ಮೆಯಾದರೂ ಆ ಪ್ರತಿಯಿಂದ ತಾಣವನ್ನು ಬೇರೆಡೆ ಎಬ್ಬಿಸಿ ನೋಡಿ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯ ಡೇಟಾಬೇಸ್ ಅಳಿಸಿಹೋದಾಗ, ನಿತ್ಯ ಆಗುತ್ತಿದೆಯೆಂದುಕೊಂಡಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲವೆಂಬುದು ಬಯಲಾಯಿತು. ಅದೃಷ್ಟವಶಾತ್ ಸುಮಾರು 6 ಗಂಟೆ ಹಿಂದಿನ ಬೇರೊಂದು ಪ್ರತಿ ಸಿಕ್ಕಿತು.

ಇನ್ನು ಸ್ಥಳಾಂತರ. ಹೆಸರನ್ನು ಯಾವ ಸರ್ವರಿಗೆ ಕಳಿಸಬೇಕೆಂಬ ಡಿಎನ್‌ಎಸ್ ದಾಖಲೆಯಲ್ಲಿ ಟಿಟಿಎಲ್ ಎಂಬ ಅಂಕಿಯಿರುತ್ತದೆ. ಅದು 86400 ಸೆಕೆಂಡ್ ಎಂದಿದ್ದರೆ, ನೀವು ವಿಳಾಸ ಬದಲಿಸಿದರೂ ಕೆಲವರಿಗೆ 24 ಗಂಟೆಯವರೆಗೆ ಹಳೆಯ ಸರ್ವರೇ ಸಿಗಬಹುದು. 300 ಎಂದಿದ್ದರೆ 5 ನಿಮಿಷ. ಇದನ್ನು ಮುಂಚೆಯೇ ಇಳಿಸಿರಬೇಕು, ತಾಣ ನಿಂತ ಮೇಲೆ ಇಳಿಸಿ ಫಲವಿಲ್ಲ. ಪೂರ್ತಿ ತಾಣ ಏಳುವವರೆಗೆ ಫೋನ್ ನಂಬರು, ಆ ದಿನದ ಧಾರಣೆ ಇರುವ ಒಂದೇ ಪುಟವನ್ನು ಹೊಸ ಜಾಗದಲ್ಲಿ ಹಾಕಿದರೂ ಜನಕ್ಕೆ ಸಾಕು.

ಡೊಮೇನ್ ನೋಂದಣಿಗೆ ಕೊಡುವ ಇಮೇಲ್ ಅದೇ ತಾಣದ ಹೆಸರಿನದಾಗಿರಬಾರದು. ಪಾಸ್‌ವರ್ಡ್ ಬದಲಿಸುವ ಪತ್ರ ಬರುವುದು ಆ ವಿಳಾಸಕ್ಕೇ.